ಪೈಥಾನ್: ಮಳೆ ಲಾಗ್ ಓದುವಾಗ ಟೆಲ್() ಒಮ್ಮೆ 43 ಅನ್ನುತ್ತೆ, ಒಮ್ಮೆ 20 ಅಂಕಿಯ ಸಂಖ್ಯೆ ಕೊಡುತ್ತೆ. ಯಾಕೆ?

ಮಳೆಮಾಪಿ_ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಾಪೋಕ್ಲು, ಭಾಗಮಂಡಲ ಕಡೆಯ ಕೆಲವು ಕಾಫಿ ತೋಟಗಳ ಮಳೆ ಲೆಕ್ಕವನ್ನು ಒಂದೇ ಡೇಟಾಬೇಸ್‌ಗೆ ತರುವ ಕೆಲಸ ನಡೀತಿದೆ. ತೋಟದ ಆಫೀಸಿನಲ್ಲಿ ವಿಂಡೋಸ್ ಕಂಪ್ಯೂಟರ್, ಅದಕ್ಕೆ ಟಿಪ್ಪಿಂಗ್ ಬಕೆಟ್ ಮಳೆಮಾಪಕ ಜೋಡಿಸಿದೆ. ಬಕೆಟ್ ಒಂದು ಸಲ ಮಗುಚಿದರೆ ಒಂದು ಸೆಂಟ್, ಅಂದರೆ 0.254 ಮಿ.ಮೀ. ಒಂದು ಸ್ಕ್ರಿಪ್ಟ್ 15 ನಿಮಿಷಕ್ಕೊಂದು ಸಾಲನ್ನು ಸಿಎಸ್‌ವಿ ಫೈಲಿನ ಕೊನೆಗೆ ಸೇರಿಸುತ್ತದೆ. ಸಾಲು ಹೀಗಿರುತ್ತದೆ:

2025-07-14 06:15,ಭಾಗಮಂಡಲ,8

ಇನ್ನೊಂದು ಸ್ಕ್ರಿಪ್ಟ್ ಆಗಾಗ ಎದ್ದು ಹೊಸ ಸಾಲುಗಳನ್ನು ಮಾತ್ರ ಓದಿ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹಾಕಬೇಕು. ಕಳೆದ ಸಲ ಎಲ್ಲಿಗೆ ನಿಲ್ಲಿಸಿದೆವು ಅಂತ ನೆನಪಿಡೋಕೆ ಟೆಲ್() ಬಳಸಿದ್ದು. ತೊಂದರೆ ಅಲ್ಲೇ ಇದೆ.

ಫಾರ್ ಲೂಪಿನಲ್ಲಿ ಸಾಲು ಓದುತ್ತಾ ಟೆಲ್() ಕರೆದರೆ "ಟೆಲ್ಲಿಂಗ್ ಪೊಸಿಷನ್ ಡಿಸೇಬಲ್ಡ್ ಬೈ ನೆಕ್ಸ್ಟ್ ಕಾಲ್" ಅಂತ ಓಎಸ್‌ಎರರ್ ಬರುತ್ತೆ. ಸರಿ ಅಂತ ರೀಡ್‌ಲೈನ್()ಗೆ ಬದಲಾಯಿಸಿದರೆ ಮೊದಲ ಸಾಲು ಓದಿದ ಮೇಲೆ ಟೆಲ್() ಕೊಡೋದು 18446744073709551658. ನಂತರ ಒಂದು ಖಾಲಿ ಸಾಲು ಬರುತ್ತೆ (ಪ್ರತಿ ಎರಡು ಸಾಲಿನ ಮಧ್ಯೆ ಖಾಲಿ ಸಾಲಿದೆ, ಅದನ್ನು ಬಿಟ್ಟು ಮುಂದೆ ಹೋಗ್ತೀವಿ). ಆ ಖಾಲಿ ಸಾಲಿನ ನಂತರ ಟೆಲ್() 43. ಮುಂದಿನದಕ್ಕೆ ಮತ್ತೆ ದೈತ್ಯ ಸಂಖ್ಯೆ. ಅದನ್ನು ಎಸ್‌ಕ್ಯೂಲೈಟ್‌ನ ಇಂಟಿಜರ್ ಕಾಲಮ್ಮಿಗೆ ಹಾಕೋಕೆ ಹೋದರೆ ಓವರ್‌ಫ್ಲೋ ಎರರ್.

ಇದರ ಜೊತೆಗೆ ಯಾವಾಗಲೋ ಒಮ್ಮೆ ಕೊನೆಯ ಸಾಲು ಅರ್ಧ ಮಾತ್ರ ಓದಿಗೆ ಸಿಗುತ್ತೆ. ಡಾಕ್ಯುಮೆಂಟೇಷನ್‌ನಲ್ಲಿ ಟೆಲ್() ಕೊಡುವ ಸಂಖ್ಯೆಯ ಒಳಗನ್ನು ನೋಡಬೇಡಿ, ಅದು ಬೈಟ್ ಲೆಕ್ಕ ಆಗಿರಬೇಕಿಲ್ಲ ಎಂಬಷ್ಟೇ ಅರ್ಥದ ಮಾತಿದೆ. ಫೈಲ್ ಯುಟಿಎಫ್-8, ಓಪನ್()ಗೆ ಎನ್‌ಕೋಡಿಂಗ್ ಕೊಟ್ಟೇ ಇದ್ದೇವೆ. ತಿಳಿದವರು ಬಿಡಿಸಿ ಹೇಳ್ತೀರಾ?

---

ಬೈಟ್_ಲೆಕ್ಕ

ನಿಮ್ಮ ಸಂಖ್ಯೆಯಲ್ಲೇ ಉತ್ತರ ಇದೆ ಸರ್. 2ರ 64ನೇ ಘಾತ 18446744073709551616. ನಿಮಗೆ ಬಂದದ್ದರಲ್ಲಿ ಅದನ್ನು ಕಳೆಯಿರಿ: 42 ಉಳಿಯುತ್ತೆ. ಟೆಕ್ಸ್ಟ್ ಮೋಡ್‌ನ ಟೆಲ್() ಒಂದೇ ಸಂಖ್ಯೆಯೊಳಗೆ ಹಲವು ವಿಷಯ ತುಂಬುತ್ತದೆ. ಕೆಳಗಿನ 64 ಬಿಟ್‌ನಲ್ಲಿ ಬೈಟ್ ಸ್ಥಾನ, ಅದರ ಮೇಲಿನ ಬಿಟ್‌ಗಳಲ್ಲಿ ಡಿಕೋಡರ್ (ಬೈಟ್‌ಗಳನ್ನು ಅಕ್ಷರ ಮಾಡುವ ಭಾಗ) ಯಾವ ಸ್ಥಿತಿಯಲ್ಲಿದೆ ಎಂಬ ಗುರುತು, ಇನ್ನೂ ಮೇಲೆ ಎಷ್ಟು ಬೈಟ್ ಮತ್ತೆ ಉಣಿಸಬೇಕು, ಎಷ್ಟು ಅಕ್ಷರ ಬಿಡಬೇಕು ಎಂಬ ಲೆಕ್ಕ. ಗುರುತುಗಳೆಲ್ಲ ಸೊನ್ನೆ ಇದ್ದಾಗ ಸಂಖ್ಯೆ ನೋಡೋಕೆ ಬೈಟ್ ಸ್ಥಾನದ ಹಾಗೆಯೇ ಇರುತ್ತೆ. ಅದಕ್ಕೇ ಬಹಳ ಜನ ಅದನ್ನು ಬೈಟ್ ಸ್ಥಾನ ಅಂತಲೇ ನಂಬಿ ವರ್ಷಗಟ್ಟಲೆ ಬಳಸ್ತಾರೆ.

ಸಿಆರ್ (ಬೈಟ್ 13), ಎಲ್‌ಎಫ್ (ಬೈಟ್ 10) ಅಂದರೆ ಸಾಲಿನ ಅಂತ್ಯ ತೋರಿಸುವ ಬೈಟ್‌ಗಳು. ನಿಮ್ಮಲ್ಲಿ ಎದ್ದಿರೋ ಗುರುತು "ಒಂದು ಸಿಆರ್ ಕೈಯಲ್ಲಿದೆ, ಮುಂದೇನು ಬರುತ್ತೋ ನೋಡಿ ತೀರ್ಮಾನ ಮಾಡ್ತೀನಿ" ಅನ್ನೋದು. ಅದು ಯಾಕೆ ಎದ್ದಿದೆ ಅಂದರೆ ನಿಮ್ಮ ಫೈಲಿನ ಸಾಲುಗಳು ಸಿಆರ್-ಎಲ್‌ಎಫ್‌ನಿಂದ ಮುಗೀತಿಲ್ಲ, ಸಿಆರ್-ಸಿಆರ್-ಎಲ್‌ಎಫ್‌ನಿಂದ ಮುಗೀತಿವೆ. ಆ ಖಾಲಿ ಸಾಲುಗಳೂ ಅದರಿಂದಲೇ.

ನೀವು ಕೊಟ್ಟ ಸಾಲನ್ನೇ ಎಣಿಸೋಣ. ದಿನಾಂಕ, ಸಮಯ 16 ಬೈಟ್. ಅಲ್ಪವಿರಾಮ 1. ಭಾಗಮಂಡಲ ಎಂಬುದರಲ್ಲಿ ಯುನಿಕೋಡ್ ಲೆಕ್ಕದಲ್ಲಿ 7 ಸಂಕೇತ (ಭ, ಆ ಸ್ವರಚಿಹ್ನೆ, ಗ, ಮ, ಅನುಸ್ವಾರ, ಡ, ಲ). ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಒಟ್ಟು 21. ಮತ್ತೊಂದು ಅಲ್ಪವಿರಾಮ, 8 ಎಂಬ ಅಂಕಿ. ಸೇರಿ 40 ಬೈಟ್. ಆಮೇಲೆ ಸಿಆರ್ 41ನೇದು, ಎರಡನೇ ಸಿಆರ್ 42, ಎಲ್‌ಎಫ್ 43.

ಡಿಕೋಡರ್ ಮೊದಲ ಸಿಆರ್ ಕಂಡ ಕೂಡಲೇ ಸಾಲು ಮುಗಿಯಿತು ಅನ್ನೋ ಹಾಗಿಲ್ಲ, ಹಿಂದೆ ಎಲ್‌ಎಫ್ ಇರಬಹುದು. ಕಾಯುತ್ತೆ. ಬಂದದ್ದು ಎರಡನೇ ಸಿಆರ್. ಆಗ ಮೊದಲನೇದನ್ನು ಸಾಲಿನ ಅಂತ್ಯ ಅಂತ ಕೊಟ್ಟು ಎರಡನೇದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತೆ. ಆ ಕ್ಷಣಕ್ಕೆ ಓದಿದ್ದು 42 ಬೈಟ್, ಗುರುತು 1. ಹಾಗಾಗಿ 42 ಜೊತೆಗೆ 2ರ 64ನೇ ಘಾತ. ಮುಂದೆ ಎಲ್‌ಎಫ್ ಬಂದಾಗ ಎರಡನೇ ಸಿಆರ್ ಜೊತೆ ಸೇರಿ ಒಂದು ಖಾಲಿ ಸಾಲು, ಗುರುತು ಇಳಿಯುತ್ತೆ, ಸ್ಥಾನ 43. ನೀವು ಕಂಡದ್ದು ಅಕ್ಷರಶಃ ಇದೇ.

ಎರಡು ಸಿಆರ್ ಬಂದದ್ದು ಬರೆಯುವ ಸ್ಕ್ರಿಪ್ಟಿನಿಂದ. ಸಿಎಸ್‌ವಿ ರೈಟರ್ ತಾನೇ ಸಿಆರ್-ಎಲ್‌ಎಫ್ ಹಾಕುತ್ತೆ. ವಿಂಡೋಸ್‌ನಲ್ಲಿ ಟೆಕ್ಸ್ಟ್ ಮೋಡ್ ಪ್ರತಿ ಎಲ್‌ಎಫ್ ಅನ್ನೂ ಮತ್ತೆ ಸಿಆರ್-ಎಲ್‌ಎಫ್ ಮಾಡುತ್ತೆ. ಓಪನ್()ಗೆ ನ್ಯೂಲೈನ್ ಅಂತ ಖಾಲಿ ಸ್ಟ್ರಿಂಗ್ ಕೊಟ್ಟರೆ ಎರಡನೇ ಪರಿವರ್ತನೆ ನಿಲ್ಲುತ್ತೆ. ಈ ಭಾಗ ಸಿಎಸ್‌ವಿ ಮಾಡ್ಯೂಲಿನ ಪುಟದಲ್ಲಿ ಬರೆದಿದೆ. ಅದು ಟೆಲ್() ಮೇಲೆ ಹೀಗೆ ಪರಿಣಾಮ ಬೀರುತ್ತೆ ಅನ್ನೋದು ಅಲ್ಲಿ ಬರೆದಿಲ್ಲ.

ಇನ್ನು ಫಾರ್ ಲೂಪಿನ ಎರರ್. ಟೆಕ್ಸ್ಟ್ ಪದರ ಸುಮಾರು 8192 ಬೈಟ್‌ನ ತುಂಡು ತುಂಡಾಗಿ ಓದಿ ಒಳಗೆ ಸಾಲು ಒಡೆಯುತ್ತೆ. ಟೆಲ್()ಗೆ ಉತ್ತರ ಕೊಡಬೇಕಾದರೆ ಪ್ರತಿ ತುಂಡಿನ ಆರಂಭದ ಚಿತ್ರ (ಆ ಹೊತ್ತಿನ ಸ್ಥಿತಿಯ ದಾಖಲೆ) ಇಟ್ಟುಕೊಂಡಿರಬೇಕು. ಫಾರ್ ವೇಗವಾಗಿ ಓಡಲಿ ಅಂತ ಆ ಚಿತ್ರ ತೆಗೆಯೋದನ್ನೇ ನಿಲ್ಲಿಸುತ್ತಾರೆ, ಟೆಲ್() ಬಾಗಿಲು ಮುಚ್ಚುತ್ತಾರೆ. ಫೈಲ್ ಕೊನೆ ಮುಟ್ಟಿದರೆ ಅಥವಾ ಸೀಕ್(0) ಮಾಡಿ ಆರಂಭಕ್ಕೆ ಮರಳಿದರೆ ಮತ್ತೆ ತೆರೆಯುತ್ತೆ. ಮಧ್ಯದಲ್ಲಿ ಬ್ರೇಕ್ ಮಾಡಿ ಹೊರಬಂದರೆ ಮುಚ್ಚಿಯೇ ಇರುತ್ತೆ.

---

ತೋಟದ_ಸರ್ವರ್

ಮೇಲಿನ ವಿವರಣೆ ಸರಿಯಾಗಿದೆ. ಆದರೆ ನನ್ನ ಮಟ್ಟಿಗೆ ಈ ಕೆಲಸಕ್ಕೆ ಟೆಕ್ಸ್ಟ್ ಮೋಡ್ ಟೆಲ್() ಬೇಡವೇ ಬೇಡ. ಆ ದೈತ್ಯ ಸಂಖ್ಯೆಯನ್ನು ಟೆಕ್ಸ್ಟ್ ಕಾಲಮ್ಮಿನಲ್ಲಿ ಇಟ್ಟು ಸೀಕ್()ಗೆ ವಾಪಸ್ ಕೊಟ್ಟರೆ ಕೆಲಸ ಮಾಡುತ್ತೆ, ನಿಜ. ಎನ್‌ಕೋಡಿಂಗ್ ಅಥವಾ ನ್ಯೂಲೈನ್ ಸೆಟ್ಟಿಂಗ್ ಒಂದು ಬದಲಾದರೆ ಅದಕ್ಕೆ ಅರ್ಥವೇ ಇರೋದಿಲ್ಲ. ಬೆಳೆಯುತ್ತಿರುವ ಫೈಲನ್ನು ಬೈನರಿ ಮೋಡ್‌ನಲ್ಲಿ ಓದಿ, ಸ್ಥಾನವನ್ನು ನೀವೇ ಇಟ್ಟುಕೊಳ್ಳಿ.

ಫೈಲನ್ನು 'ಆರ್‌ಬಿ' ಮೋಡ್‌ನಲ್ಲಿ ತೆರೆಯಿರಿ. ಮೊದಲು ಓಎಸ್.ಎಫ್‌ಸ್ಟ್ಯಾಟ್‌ನಿಂದ ಗಾತ್ರ ನೋಡಿ: ಉಳಿಸಿಟ್ಟ ಸ್ಥಾನಕ್ಕಿಂತ ಗಾತ್ರ ಕಡಿಮೆ ಇದ್ದರೆ ಯಾರೋ ಫೈಲ್ ಬದಲಾಯಿಸಿದ್ದಾರೆ, ಸೊನ್ನೆಯಿಂದ ಶುರು ಮಾಡಿ. ಇಲ್ಲವಾದರೆ ಆ ಸ್ಥಾನಕ್ಕೆ ಸೀಕ್ ಮಾಡಿ ಉಳಿದದ್ದೆಲ್ಲ ಓದಿ. ಓದಿದ ಬೈಟ್‌ಗಳಲ್ಲಿ ಕೊನೆಯ ಎಲ್‌ಎಫ್ ಎಲ್ಲಿದೆ ಅಂತ ಆರ್‌ಫೈಂಡ್‌ನಿಂದ ಹುಡುಕಿ. ಸಿಗದಿದ್ದರೆ ಪೂರ್ತಿ ಸಾಲು ಇನ್ನೂ ಬಂದಿಲ್ಲ, ಏನೂ ಮಾಡದೆ ಹೊರಡಿ. ಸಿಕ್ಕರೆ ಅಲ್ಲಿವರೆಗೆ, ಎಲ್‌ಎಫ್ ಸೇರಿಸಿ, ಕತ್ತರಿಸಿ. ಹೊಸ ಸ್ಥಾನ ಅಂದರೆ ಹಳೆಯದು ಮತ್ತು ಕತ್ತರಿಸಿದ ತುಂಡಿನ ಉದ್ದ, ಅಷ್ಟೇ.

ಹೀಗೆ ಕತ್ತರಿಸಿದರೆ ಕನ್ನಡ ಅಕ್ಷರ ಮಧ್ಯಕ್ಕೆ ತುಂಡಾಗುತ್ತೆ ಅನ್ನೋ ಭಯ ಬೇಡ. ಯುಟಿಎಫ್-8ರಲ್ಲಿ ಬಹುಬೈಟ್ ಸಂಕೇತದ ಎಲ್ಲ ಬೈಟ್‌ಗಳೂ 128 ಅಥವಾ ಅದಕ್ಕಿಂತ ಮೇಲೆ, ಎಲ್‌ಎಫ್ 10. ಒಂದರೊಳಗೆ ಇನ್ನೊಂದು ಬರೋ ಹಾಗೇ ಇಲ್ಲ. ಯುಟಿಎಫ್-16 ಆಗಿದ್ದರೆ ಈ ಮಾತು ನಿಲ್ಲೋದಿಲ್ಲ.

ಆ ತುಂಡನ್ನು ಡಿಕೋಡ್ ಮಾಡಿದ ಮೇಲೆ ಸ್ಟ್ರಿಂಗ್‌ನ ಸ್ಪ್ಲಿಟ್‌ಲೈನ್ಸ್() ಬಳಸಬೇಡಿ. ಅದು ಎಲ್‌ಎಫ್ ಮಾತ್ರ ನೋಡೋದಿಲ್ಲ, ಫಾರ್ಮ್ ಫೀಡ್, ಯುನಿಕೋಡ್ ಲೈನ್ ಸೆಪರೇಟರ್ ಹೀಗೆ ಹಲವು ಕಡೆ ಒಡೆಯುತ್ತೆ. ಬೈಟ್ಸ್‌ನ ಸ್ಪ್ಲಿಟ್‌ಲೈನ್ಸ್() ಹಾಗಲ್ಲ, ಸಿಆರ್, ಎಲ್‌ಎಫ್, ಎರಡೂ ಸೇರಿದ್ದು, ಇಷ್ಟರಲ್ಲೇ ನಿಲ್ಲುತ್ತೆ. ಹೆಸರು ಒಂದೇ, ನಡತೆ ಬೇರೆ. ನೀವು ಸ್ಟ್ರಿಂಗ್‌ಐಓಗೆ ಹಾಕಿ, ನ್ಯೂಲೈನ್ ಖಾಲಿ ಸ್ಟ್ರಿಂಗ್ ಇಟ್ಟು, ಸಿಎಸ್‌ವಿ ರೀಡರ್‌ಗೆ ಕೊಡಿ.

ಇನ್ನೊಂದು ಮುಖ್ಯ. ಮಳೆ ಸಾಲುಗಳನ್ನೂ ಹೊಸ ಸ್ಥಾನವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎಸ್‌ಕ್ಯೂಲೈಟ್‌ಗೆ ಬರೆಯಿರಿ. ಸ್ಥಾನವನ್ನು ಬೇರೆ ಟೆಕ್ಸ್ಟ್ ಫೈಲಿನಲ್ಲಿಟ್ಟರೆ ಎರಡರ ಮಧ್ಯೆ ಕರೆಂಟ್ ಹೋದಾಗ ಅದೇ ಸಾಲುಗಳು ಎರಡು ಸಲ ಸೇರುತ್ತವೆ, 4 ಇಂಚು ಮಳೆ 8 ಇಂಚಾಗುತ್ತೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳು) ಅದು ಯಾರ ಕಣ್ಣಿಗೂ ಬೀಳೋದಿಲ್ಲ. ಮಾರ್ಚ್, ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕದಲ್ಲಿ ಹಾಗಾದರೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನೋ ತೀರ್ಮಾನವೇ ತಪ್ಪುತ್ತೆ. ಸ್ಥಳ ಮತ್ತು ಸಮಯ ಸೇರಿಸಿ ಯುನಿಕ್ ಇಂಡೆಕ್ಸ್ ಇಟ್ಟು, ಇನ್ಸರ್ಟ್ ಆರ್ ಇಗ್ನೋರ್ ಬಳಸಿದರೆ ಮತ್ತಷ್ಟು ಭದ್ರ.

---

ಮಳೆಮಾಪಿ_ನಾಪೋಕ್ಲು

ಇಬ್ಬರಿಗೂ ಧನ್ಯವಾದ. ಫೈಲನ್ನು ಬೈನರಿಯಲ್ಲಿ ತೆರೆದು ನೋಡಿದೆ, ಪ್ರತಿ ಸಾಲಿನ ಕೊನೆಗೆ 13, 13, 10 ಇದೆ. ಹೇಳಿದ ಹಾಗೇ.

ಎರಡು ಸಂದೇಹ ಉಳಿದಿವೆ. ಹಳೆಯ ತಿಂಗಳ ಫೈಲುಗಳನ್ನು ಸರಿ ಮಾಡೋದು ಹೇಗೆ? ಮತ್ತೆ, ಫಾರ್ ಲೂಪಿನ ಮಧ್ಯೆ ಎಫ್.ಫ್ಲಶ್() ಕರೆದರೆ ಟೆಲ್() ಎರರ್ ಹೋಗುತ್ತೆ ಅಂತ ಒಬ್ಬರು ಹೇಳಿದರು. ಕರೆದು ನೋಡಿದರೆ ನಿಜವಾಗಿಯೂ ಎರರ್ ಇಲ್ಲ. ಬೇರೆ ಸ್ಕ್ರಿಪ್ಟುಗಳಲ್ಲಿ ಅದನ್ನು ಬಳಸಬಹುದಾ?

---

ಬೈಟ್_ಲೆಕ್ಕ

ಫ್ಲಶ್() ದಾರಿ ಖಂಡಿತ ಬೇಡ. ಎರರ್ ಹೋಗುತ್ತೆ, ಉತ್ತರ ತಪ್ಪಾಗಿರುತ್ತೆ, ಅದು ಎರರ್‌ಗಿಂತ ಕೆಟ್ಟದ್ದು. ಸಿಪೈಥಾನ್‌ನಲ್ಲಿ ಟೆಕ್ಸ್ಟ್ ಪದರದ ಫ್ಲಶ್() ಆ ಮುಚ್ಚಿದ ಬಾಗಿಲನ್ನು ತೆರೆದುಬಿಡುತ್ತೆ. ಆದರೆ ಫಾರ್ ಓಡುವಾಗ ತುಂಡಿನ ಚಿತ್ರ ತೆಗೆದೇ ಇರಲಿಲ್ಲವಲ್ಲ, ಟೆಲ್() ಹತ್ತಿರ ಹೇಳೋಕೆ ಬೇರೇನೂ ಇಲ್ಲ. ಕೆಳಗಿನ ಬಫರ್ ಎಲ್ಲಿವರೆಗೆ ಓದಿದೆಯೋ ಆ ಸ್ಥಾನ ಕೊಡುತ್ತೆ. ನಿಮ್ಮ ಫೈಲ್ 8192 ಬೈಟ್‌ಗಿಂತ ಚಿಕ್ಕದಿದ್ದರೆ ಮೊದಲ ಸಾಲು ಓದಿದ ಕೂಡಲೇ ಫೈಲಿನ ಕೊನೆಯ ಸ್ಥಾನ ಬರುತ್ತೆ. ಅದನ್ನು ಉಳಿಸಿಟ್ಟು ನಿಲ್ಲಿಸಿದರೆ ಮಧ್ಯದ ಸಾಲುಗಳೆಲ್ಲ ಸದ್ದಿಲ್ಲದೆ ಬಿಟ್ಟು ಹೋಗುತ್ತವೆ. ಮೂರು ಸಾಲಿನ ಫೈಲ್ ಮಾಡಿ ಪ್ರಿಂಟ್ ಮಾಡಿ ನೋಡಿ, ಗೊತ್ತಾಗುತ್ತೆ.

ಟೆಕ್ಸ್ಟ್ ಮೋಡ್‌ನಲ್ಲೇ ಫಾರ್ ಮತ್ತು ಟೆಲ್() ಎರಡೂ ಬೇಕೇ ಬೇಕು ಅಂದರೆ ಐಟರ್()ಗೆ ಎಫ್.ರೀಡ್‌ಲೈನ್ ಮತ್ತು ಖಾಲಿ ಸ್ಟ್ರಿಂಗ್ ಕೊಟ್ಟು ಅದರ ಮೇಲೆ ಫಾರ್ ಓಡಿಸಿ. ಆಗ ಪ್ರತಿ ಸುತ್ತೂ ರೀಡ್‌ಲೈನ್() ಮೂಲಕ ಹೋಗುತ್ತೆ, ಟೆಲ್() ಸರಿಯಾಗಿ ಕೆಲಸ ಮಾಡುತ್ತೆ. ಸ್ವಲ್ಪ ನಿಧಾನ.

ಹಳೆಯ ಫೈಲುಗಳಿಗೆ: ಬರೆಯುವ ಸ್ಕ್ರಿಪ್ಟ್ ನಿಲ್ಲಿಸಿ, ಬೈನರಿಯಲ್ಲಿ ಪೂರ್ತಿ ಓದಿ, 13-13-10 ಇದ್ದಲ್ಲಿ 13-10 ಹಾಕಿ, ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿಗೆ ಬರೆದು, ಓಎಸ್.ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿ. ಅದೇ ಫೋಲ್ಡರ್ ಅಂದದ್ದಕ್ಕೆ ಕಾರಣ ಇದೆ. ಬೇರೆ ಡ್ರೈವಿನಲ್ಲಿ ಬರೆದರೆ ರಿಪ್ಲೇಸ್ ಸೋಲುತ್ತೆ. ವಿಂಡೋಸ್‌ನಲ್ಲಿ ಓದುವ ಸ್ಕ್ರಿಪ್ಟ್ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೂ ಪರ್ಮಿಷನ್ ಎರರ್ ಬರುತ್ತೆ, ಆದ್ದರಿಂದ ಅದನ್ನೂ ನಿಲ್ಲಿಸಿ. ನಂತರ ಉಳಿಸಿಟ್ಟ ಸ್ಥಾನ ಅಳಿಸಿ ಸೊನ್ನೆಯಿಂದ ಓದಿಸಿ. ಮೇಲೆ ಹೇಳಿದ ಯುನಿಕ್ ಇಂಡೆಕ್ಸ್ ಇದ್ದರೆ ಹಳೆಯ ಸಾಲುಗಳು ಮತ್ತೆ ಸೇರೋದಿಲ್ಲ.

---

ಹಾರಂಗಿ_ಲಾಗ್

ಓದುವ ಕಡೆ ಚೆನ್ನಾಗಿ ಬಂತು. ಬರೆಯುವ ಕಡೆ ಯಾರೂ ಮುಟ್ಟಿಲ್ಲ, ಅರ್ಧ ಸಾಲಿನ ಮೂಲ ಅಲ್ಲಿದೆ.

ನಿಮ್ಮ ಬರೆಯುವ ಸ್ಕ್ರಿಪ್ಟ್ ಫೈಲನ್ನು ತೆರೆದೇ ಇಟ್ಟು ರೈಟ್() ಮಾತ್ರ ಮಾಡ್ತಿದೆ ಅನ್ನಿಸುತ್ತೆ. ಹಾಗಿದ್ದರೆ ಪ್ರತಿ ರೈಟ್() ಡಿಸ್ಕಿಗೆ ಹೋಗೋದಿಲ್ಲ. ಟೆಕ್ಸ್ಟ್ ಪದರ 8192 ಬೈಟ್ ಆಗುವವರೆಗೆ ಹಿಡಿದಿಟ್ಟು ಕೆಳಗಿನ ಬಫರಿಗೆ ಕೊಡುತ್ತೆ, ಆ ಬಫರ್ ತುಂಬಿದಾಗ ಆಪರೇಟಿಂಗ್ ಸಿಸ್ಟಮ್‌ಗೆ. ನಿಮ್ಮ ಸಾಲು 43 ಬೈಟ್, ದಿನಕ್ಕೆ 96 ಸಾಲು: 8192 ಬೈಟ್ ಅಂದರೆ 190 ಸಾಲು, ಸುಮಾರು ಎರಡು ದಿನದ ಮಳೆ ಬರೀ ಮೆಮೊರಿಯಲ್ಲಿ ಕೂತಿರುತ್ತೆ. ಬಫರ್ ಖಾಲಿಯಾಗೋದು ಬೈಟ್ ಲೆಕ್ಕದಲ್ಲಿ, ಸಾಲಿನ ಲೆಕ್ಕದಲ್ಲಿ ಅಲ್ಲ. ಬರಹ ಪೂರ್ತಿ ಫೈಲಿಗೆ ಬೀಳುವ ಮೊದಲೇ ಓದಿದರೆ ತುಂಡು "ಭಾಗಮಂ" ಅನ್ನೋಲ್ಲಿಗೆ ನಿಲ್ಲಬಹುದು, ಒಂದು ಅಕ್ಷರದ ಮೂರು ಬೈಟ್‌ಗಳ ಮಧ್ಯೆಯೂ ನಿಲ್ಲಬಹುದು. ಎರಡನೇದಾದರೆ ಟೆಕ್ಸ್ಟ್ ಮೋಡ್‌ನಲ್ಲಿ ಓದುವವರಿಗೆ ಯುನಿಕೋಡ್ ಡಿಕೋಡ್ ಎರರ್ ಬರುತ್ತೆ.

15 ನಿಮಿಷಕ್ಕೊಂದು ಸಾಲಿಗೆ ಫೈಲ್ ತೆರೆದಿಡೋ ಅಗತ್ಯವೇ ಇಲ್ಲ. ಪ್ರತಿ ಸಲ ವಿತ್ ಓಪನ್ ಮಾಡಿ 'ಎ' ಮೋಡ್‌ನಲ್ಲಿ ತೆರೆದು, ಸಾಲು ಬರೆದು, ಎಫ್.ಫ್ಲಶ್(), ಅದರ ಹಿಂದೆಯೇ ಓಎಸ್.ಎಫ್‌ಸಿಂಕ್, ಮುಚ್ಚಿ. ಕ್ರಮ ಮುಖ್ಯ: ಎಫ್‌ಸಿಂಕ್ ಪೈಥಾನ್ ಒಳಗಿನ ಬಫರನ್ನು ನೋಡೋದೇ ಇಲ್ಲ, ಫ್ಲಶ್ ಮೊದಲಾಗದಿದ್ದರೆ ಏನೂ ಇಲ್ಲದ್ದನ್ನು ಡಿಸ್ಕಿಗೆ ತಳ್ಳಿದ ಹಾಗೆ. ಬಫರಿಂಗ್‌ಗೆ 1 ಕೊಟ್ಟರೆ ಸಾಲು ಸಾಲಾಗಿ ಫ್ಲಶ್ ಆಗುತ್ತೆ, ಆದರೆ ಆಪರೇಟಿಂಗ್ ಸಿಸ್ಟಮ್‌ವರೆಗೆ ಮಾತ್ರ. ಯುಪಿಎಸ್ ಕೈಕೊಟ್ಟರೆ ಅದೂ ಹೋಯಿತು.

ವಿತ್ ಇಲ್ಲದೆ ತೆರೆದು ಮುಚ್ಚದೇ ಬಿಟ್ಟವರಿಗೆ ಒಂದು ಎಚ್ಚರಿಕೆ. ಡಿಸ್ಕ್ ತುಂಬಿದ್ದರೆ ಆ ಎರರ್ ಎಷ್ಟೋ ಸಲ ಏಳೋದು ಮುಚ್ಚುವ ಹೊತ್ತಿಗೆ. ಪೈಥಾನ್ ತಾನಾಗಿ ಆಬ್ಜೆಕ್ಟ್ ಕಸ ಗುಡಿಸುವಾಗ ಮುಚ್ಚಿದರೆ ಆ ಎರರ್ ನಿಮ್ಮ ಟ್ರೈ ಬ್ಲಾಕಿಗೆ ಸಿಗೋದಿಲ್ಲ. 3.13ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಡೆವಲಪ್‌ಮೆಂಟ್ ಮೋಡ್ ಹಾಕದಿದ್ದರೆ, ಒಂದು ಸಂದೇಶವೂ ಬರುತ್ತಿರಲಿಲ್ಲ. 3.13ರಿಂದ ಸಂದೇಶ ಕಾಣಿಸುತ್ತೆ.

ಕರೆಂಟ್ ಹೋಗಿ ಬಂದ ಮೇಲೆ ಫೈಲಿನ ಬಾಲದಲ್ಲಿ ಸೊನ್ನೆ ಬೈಟ್‌ಗಳು ಕಾಣಬಹುದು. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಗಾತ್ರವನ್ನು ದಾಖಲಿಸಿ ಒಳಗಿನ ಡೇಟಾ ಬರೆಯುವ ಮೊದಲೇ ಯಂತ್ರ ಸತ್ತರೆ ಹಾಗಾಗುತ್ತೆ. ಅಥವಾ ಕೊನೆಯ ಸಾಲು ಎಲ್‌ಎಫ್ ಇಲ್ಲದೆ ನಿಂತಿರುತ್ತೆ, ಮುಂದಿನ ಸಾಲು ಅದಕ್ಕೇ ಅಂಟಿಕೊಳ್ಳುತ್ತೆ. ಆದ್ದರಿಂದ ಬರೆಯುವ ಸ್ಕ್ರಿಪ್ಟ್ ಶುರುವಾದಾಗ ಫೈಲನ್ನು ಬೈನರಿಯಲ್ಲಿ ತೆರೆದು ಕೊನೆಯ ಬೈಟ್ ನೋಡಲಿ: 10 ಅಲ್ಲದಿದ್ದರೆ ಮೊದಲು ಒಂದು ಎಲ್‌ಎಫ್ ಬರೆಯಲಿ. ಕೊನೆಯಿಂದ ಒಂದು ಬೈಟ್ ಹಿಂದಕ್ಕೆ ಸೀಕ್ ಮಾಡೋದು ಬೈನರಿಯಲ್ಲಿ ಮಾತ್ರ ಸಾಧ್ಯ, ಟೆಕ್ಸ್ಟ್ ಮೋಡ್ ಒಪ್ಪೋದಿಲ್ಲ. ಫೈಲ್ ಖಾಲಿ ಇದ್ದರೆ ಬೈನರಿಯೂ ಒಪ್ಪೋದಿಲ್ಲ, ಗಾತ್ರ ಮೊದಲು ನೋಡಿ. ಓದುವ ಕಡೆ, ಮೂರು ಅಂಕಣ ಇಲ್ಲದ ಅಥವಾ ಸೊನ್ನೆ ಬೈಟ್ ಇರುವ ಸಾಲನ್ನು ಬೇರೆ ಟೇಬಲ್ಲಿಗೆ ಹಾಕಿ. ಬಿಸಾಡಬೇಡಿ, ಆ ಸಾಲಿನ ಸೆಂಟು ಆಮೇಲೆ ಕೈಯಾರೆ ಸೇರಿಸಬೇಕಾಗಬಹುದು.

ತೋಟದ ರೈಟರ್ (ಗುಮಾಸ್ತರು) ಮೂಲ ಫೈಲನ್ನೇ ಎಕ್ಸೆಲ್‌ನಲ್ಲಿ ತೆರೆದಿಟ್ಟರೆ ನಿಮ್ಮ ಸ್ಕ್ರಿಪ್ಟಿಗೆ ಪರ್ಮಿಷನ್ ಎರರ್, ಅಷ್ಟು ಹೊತ್ತಿನ ಸಾಲುಗಳು ಹೋದವು. ಎರರ್ ಬಂದಾಗ ಸಾಲನ್ನು ಪಟ್ಟಿಯಲ್ಲಿ ಹಿಡಿದಿಟ್ಟು ಮುಂದಿನ ಸುತ್ತಿನಲ್ಲಿ ಬರೆಯೋ ಹಾಗೆ ಮಾಡಿ. ನೋಡೋಕೆ ಬೇಕಾದವರಿಗೆ ದಿನಕ್ಕೊಂದು ನಕಲು ಬೇರೆ ಫೋಲ್ಡರಿನಲ್ಲಿ ಕೊಡಿ.

---

ತೋಟದ_ಸರ್ವರ್

ಎಕ್ಸೆಲ್ ಮಾತು ಬಂದದ್ದಕ್ಕೆ ಒಂದು ಸೇರಿಸ್ತೀನಿ. ಆ ನಕಲಿನಲ್ಲಿ ಕನ್ನಡ ಸರಿಯಾಗಿ ಕಾಣಲಿ ಅಂತ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಹಾಕ್ತಾರೆ, ಫೈಲಿನ ತಲೆಗೆ ಮೂರು ಬೈಟ್‌ನ ಗುರುತು ಸೇರುತ್ತೆ. 'ಎ' ಮೋಡ್‌ನಲ್ಲಿ ಪ್ರತಿ ಸಲ ತೆರೆದಾಗಲೂ ಮಧ್ಯದಲ್ಲಿ ಆ ಗುರುತು ಬೀಳುತ್ತಾ ಅಂತ ಹಲವರು ಕೇಳ್ತಾರೆ. ಬೀಳೋದಿಲ್ಲ. ಟೆಕ್ಸ್ಟ್ ಪದರ ತೆರೆಯುವಾಗ ಸ್ಥಾನ ಸೊನ್ನೆ ಅಲ್ಲ ಅಂತ ಕಂಡರೆ ಎನ್‌ಕೋಡರ್‌ಗೆ ಗುರುತು ಈಗಾಗಲೇ ಬರೆದಾಗಿದೆ ಅಂತ ಹೇಳಿಬಿಡುತ್ತೆ. ಓದುವಾಗ ಮಾತ್ರ ಬರೀ ಯುಟಿಎಫ್-8 ಹಾಕಿದರೆ ಮೊದಲ ಸಾಲಿನ ದಿನಾಂಕದ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡು ಬರುತ್ತೆ, ಆ ಒಂದು ಸಾಲು ಮಾತ್ರ ದಿನಾಂಕ ಪರೀಕ್ಷೆಯಲ್ಲಿ ಬಿದ್ದುಹೋಗುತ್ತೆ. ಬೈನರಿ ಓದಿನಲ್ಲಿ ಸ್ಥಾನ 0 ಇದ್ದಾಗ ಆ ಮೂರು ಬೈಟ್ ಇದೆಯಾ ನೋಡಿ ತೆಗೆಯಿರಿ. ಉಳಿಸುವ ಸ್ಥಾನದ ಲೆಕ್ಕದಲ್ಲಿ ಮಾತ್ರ ಅವು ಸೇರಿರಲಿ.

---

ಬೈಟ್_ಲೆಕ್ಕ

ಸ್ಥಳದ ಹೆಸರಿನ ಬಗ್ಗೆಯೂ ಈಗಲೇ ಗಟ್ಟಿ ಮಾಡಿಕೊಳ್ಳಿ, ಯುನಿಕ್ ಇಂಡೆಕ್ಸ್ ಅದರ ಮೇಲೆಯೇ ನಿಂತಿದೆ. ಭಾಗಮಂಡಲಕ್ಕೆ ತೊಂದರೆ ಇಲ್ಲ. ಗೋಣಿಕೊಪ್ಪ ತೋಟ ಸೇರಿದಾಗ ಬರುತ್ತೆ. ಅದರ ಓ ಮತ್ತು ಒ ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದೊಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿಯಾಗಿಯೂ ಬರೆಯಬಹುದು. ಕೂಡಿದ ರೂಪದಲ್ಲಿ ಆ ಹೆಸರು 9 ಸಂಕೇತ, 27 ಬೈಟ್. ಬಿಡಿಸಿದ ರೂಪದಲ್ಲಿ 12 ಸಂಕೇತ, 36 ಬೈಟ್. ಪರದೆ ಮೇಲೆ ಎರಡೂ ಒಂದೇ. ಪೈಥಾನ್ ಹೋಲಿಸಿದರೆ ಬೇರೆ ಬೇರೆ, ಎಸ್‌ಕ್ಯೂಲೈಟ್‌ಗೂ ಬೇರೆ ಬೇರೆ, ಇನ್ಸರ್ಟ್ ಆರ್ ಇಗ್ನೋರ್ ಎರಡನ್ನೂ ಒಳಗೆ ಬಿಡುತ್ತೆ. ಫೈಲಿನ ಹೆಸರಾಗಿ ಇಟ್ಟರೆ ಎನ್‌ಟಿಎಫ್‌ಎಸ್ ಇವನ್ನು ಒಂದು ಮಾಡೋದಿಲ್ಲ, ಒಂದೇ ಫೋಲ್ಡರಿನಲ್ಲಿ ಎರಡು "ಗೋಣಿಕೊಪ್ಪ" ಕೂರುತ್ತವೆ.

ಡೇಟಾಬೇಸ್‌ಗೆ ಹಾಕುವ ಮೊದಲು ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್() ಮೂಲಕ ಎನ್‌ಎಫ್‌ಸಿ, ಅಂದರೆ ಕೂಡಿದ ರೂಪಕ್ಕೆ ತನ್ನಿ. ಫೈಲಿನ ಹೆಸರಿಗೆ ಊರಿನ ಹೆಸರು ಬಿಟ್ಟು ತೋಟಕ್ಕೊಂದು ಅಂಕಿ ಸಂಕೇತ ಕೊಡಿ, ಅದರ ಹಿಂದೆ ವರ್ಷ, ತಿಂಗಳು. ಆಗ ತಿಂಗಳ ಕೊನೆಗೆ ಫೈಲಿನ ಹೆಸರು ಬದಲಾಯಿಸುವ ಗೋಜೂ ಇಲ್ಲ, ಹೊಸ ತಿಂಗಳಿಗೆ ಹೊಸ ಫೈಲ್, ಪ್ರತಿ ಫೈಲಿಗೆ ಪ್ರತ್ಯೇಕ ಸ್ಥಾನ. ಒಂದನೇ ತಾರೀಕು ಮಾತ್ರ ಹಿಂದಿನ ತಿಂಗಳ ಫೈಲನ್ನೂ ಓದಿಸಿ, ಕೊನೆಯ ರಾತ್ರಿಯ ಸಾಲುಗಳು ಅದರಲ್ಲೇ ಉಳಿದಿರುತ್ತವೆ.